ಎಸಿ ರಿಮೋಟ್ ಕೆಳಗಿಟ್ಟು ಥರ್ಮಾಮೀಟರ್ ಹಿಡಿದ ಬೇಸಿಗೆ

ಹೋದ ವರ್ಷ ಬೇಸಿಗೆಯ ಕರೆಂಟ್ ಬಿಲ್ ಕೈಗೆ ಬಂದಾಗ ನಾನು ಮೊದಲು ಅನುಮಾನಪಟ್ಟಿದ್ದು ಮೀಟರ್ ಮೇಲೆ. ಎಲ್ಲರೂ ಮಾಡೋದು ಅದನ್ನೇ ಅಲ್ವಾ? ರಾತ್ರಿ ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತೆ, ಮೇನ್ ಸ್ವಿಚ್ ಆಫ್ ಮಾಡಿದೆ. ಮಿಣುಕುತ್ತಿದ್ದ ಸಣ್ಣ ಕೆಂಪು ದೀಪ ನಿಂತಿತು. ಮತ್ತೆ ಆನ್ ಮಾಡಿದೆ, ಫ್ರಿಜ್ ಗುರ್ ಅಂದಿತು, ದೀಪ ನಿಧಾನಕ್ಕೆ ಮಿಣುಕತೊಡಗಿತು. ಒಳಗೆ ಹೋಗಿ ಎಸಿ ಹಾಕಿ ಬಂದೆ. ಎರಡು ಮೂರು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕಂಪ್ರೆಸರ್ ಶುರುವಾಯ್ತು ನೋಡಿ, ದೀಪಕ್ಕೆ ಹುಚ್ಚು ಹಿಡಿದ ಹಾಗಾಯ್ತು. ಮೀಟರ್ ಸರಿಯಾಗೇ ಇತ್ತು. ಸರಿ ಇಲ್ಲದ್ದು ನಾನು.

ಆ ರಾತ್ರಿಯೇ ಲೆಕ್ಕಕ್ಕೆ ಕೂತೆ. 1000 ವಾಟ್ ಎಳೆಯುವ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ನಮ್ಮ ಹಳೆಯ ಸೀಲಿಂಗ್ ಫ್ಯಾನ್ ಒಂದೊಂದೂ 75 ವಾಟ್. ಎಸಿ ಒಂದೂವರೆ ಟನ್ನಿನದು, ಕಂಪ್ರೆಸರ್ ಓಡುವಾಗ ಹೆಚ್ಚುಕಡಿಮೆ 1500 ವಾಟ್ ನುಂಗುತ್ತದೆ. ಅಂದರೆ ಒಂದು ಎಸಿ ಇಪ್ಪತ್ತು ಫ್ಯಾನಿಗೆ ಸಮ. ಅದನ್ನು 18ಕ್ಕೆ ಇಟ್ಟು, ರಾತ್ರಿಯಿಡೀ ಹಾಕಿಕೊಂಡು, ಮೇಲೆ ದಪ್ಪ ರಗ್ಗು ಹೊದ್ದು ಮಲಗುತ್ತಿದ್ದೆ. ಈಗ ಬರೆಯೋಕೇ ನಾಚಿಕೆ ಆಗುತ್ತೆ.

ಮಾರನೆಯ ದಿನ ಎರಡು ಪುಟ್ಟ ಡಿಜಿಟಲ್ ಥರ್ಮಾಮೀಟರ್ ತಂದೆ, ತೇವಾಂಶವನ್ನೂ ತೋರಿಸುವಂಥವು. ಒಂದನ್ನು ಮಲಗುವ ಕೋಣೆಯಲ್ಲಿಟ್ಟೆ. ಇನ್ನೊಂದನ್ನು ಹೊರಗೆ ನೆರಳಿನಲ್ಲಿ, ಕಿಟಕಿಯ ಪಕ್ಕ ನೇತುಹಾಕಿದೆ. ಬಿಸಿಲು ಬೀಳುವ ಕಡೆ ಹಾಕಬೇಡಿ, ಅದು ಗಾಳಿಯ ಬಿಸಿ ಬಿಟ್ಟು ತನ್ನ ಬಿಸಿಯನ್ನೇ ತೋರಿಸುತ್ತೆ. ಒಂದು ಹಳೆಯ ನೋಟ್‌ಬುಕ್‌ನಲ್ಲಿ ಎರಡು ಗಂಟೆಗೊಮ್ಮೆ ಬರೆಯುತ್ತಾ ಹೋದೆ. ಮನೆಯವರೆಲ್ಲ ನಕ್ಕರು. ಮೂರನೇ ದಿನ ರಾತ್ರಿ ಹತ್ತಕ್ಕೆ ಬರೆದ ಸಾಲು ನೋಡಿ ನಗು ನಿಂತಿತು. ಹೊರಗೆ 29, ಒಳಗೆ 34.

ಐದು ಡಿಗ್ರಿ. ಹೊರಗಡೆ ತಂಪು ಬಿಟ್ಟಿಯಾಗಿ ಬಿದ್ದಿದೆ, ನಾವು ಕಿಟಕಿ ಬಾಗಿಲು ಭದ್ರವಾಗಿ ಹಾಕಿಕೊಂಡು ಬಿಸಿಯನ್ನು ಒಳಗೇ ಸಾಕಿಕೊಂಡು, ಅದನ್ನು ಓಡಿಸೋಕೆ ದುಡ್ಡು ಕೊಟ್ಟು ಯಂತ್ರ ಓಡಿಸುತ್ತಿದ್ದೇವೆ. ತಂಪು ಕೊಳ್ಳೋದು ಹೇಗೆ ಅನ್ನೋ ಯೋಚನೆ ಅವತ್ತಿಗೆ ಬಿಟ್ಟೆ. ಈ ಬಿಸಿ ಎಲ್ಲಿಂದ ನುಗ್ಗುತ್ತಿದೆ ಅಂತ ಹುಡುಕಲು ಹೊರಟೆ.

ಮೊದಲ ಕಳ್ಳ ತಲೆಯ ಮೇಲೇ ಇದ್ದ. ನಮ್ಮದು ಮೇಲಿನ ಮಹಡಿ, ಕೋಣೆಯ ಮೇಲೆ ಬರೀ ಕಾಂಕ್ರೀಟ್ ತಾರಸಿ. ಸಂಜೆ ಏಳಕ್ಕೆ ಸ್ಟೂಲ್ ಹತ್ತಿ ಸೀಲಿಂಗ್ ಮುಟ್ಟಿ ನೋಡಿದೆ. ಆಗಷ್ಟೇ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಬೆಚ್ಚಗಿತ್ತು. ಸೂರ್ಯ ಮುಳುಗಿದ್ದಾನೆ, ಸೀಲಿಂಗ್ ಮಾತ್ರ ಇನ್ನೂ ಕಾಯುತ್ತಲೇ ಇದೆ. ಕಾಂಕ್ರೀಟಿನ ಗುಣವೇ ಅದು. ಮಧ್ಯಾಹ್ನ ಬಿದ್ದ ಬಿಸಿಲು ಅದರೊಳಗೆ ನಿಧಾನಕ್ಕೆ ಇಳಿದು, ಒಳಗಿನ ಮುಖಕ್ಕೆ ಬರೋ ಹೊತ್ತಿಗೆ ನಾಲ್ಕೈದು ಗಂಟೆ ಕಳೆದಿರುತ್ತೆ. ನಾವು ಊಟ ಮುಗಿಸಿ ಮಲಗೋ ಹೊತ್ತಿಗೆ ಸರಿಯಾಗಿ ಮಧ್ಯಾಹ್ನದ ಬಿಸಿಲು ಮನೆಯೊಳಗೆ ಬರುತ್ತೆ. ಆಗ ಸೀಲಿಂಗ್ ಫ್ಯಾನ್ ಹಾಕಿದರೆ ಆ ಬಿಸಿ ಗಾಳಿಯನ್ನೇ ಬಾಚಿ ತಲೆ ಮೇಲೆ ಸುರಿಯುತ್ತೆ.

ತಾರಸಿಗೆ ಸುಣ್ಣ ಹೊಡೆದೆ. ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಗೊತ್ತಿಲ್ಲ. ಚೊಕ್ಕವಾಗಿರುವ ಬಿಳಿ ಮೇಲ್ಮೈ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80 ಪಾಲು ವಾಪಸ್ ಕಳಿಸುತ್ತೆ. ಮಳೆ ಬಿಸಿಲಿಗೆ ಕಪ್ಪಾದ ಬೂದು ತಾರಸಿ ಕಳಿಸೋದು 20 ಪಾಲು ಅಷ್ಟೇ, ಉಳಿದದ್ದೆಲ್ಲ ಕುಡಿದುಬಿಡುತ್ತೆ. ನಾನು ಮೊದಲ ದಿನ ಅರ್ಧ ತಾರಸಿಗೆ ಮಾತ್ರ ಬಳಿದಿದ್ದೆ, ಸೊಂಟ ಹಿಡಿದುಕೊಂಡಿತ್ತು, ಉಳಿದದ್ದು ನಾಳೆಗೆ ಅಂತ ಬಿಟ್ಟೆ. ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಬರಿಗಾಲಲ್ಲಿ ಹೋದೆ. ಬಿಳಿ ಭಾಗದ ಮೇಲೆ ಆರಾಮಾಗಿ ನಿಂತೆ. ಒಂದು ಹೆಜ್ಜೆ ಆಚೆ ಇಟ್ಟಿದ್ದೇ ತಡ, ಕುಣಿದುಕೊಂಡು ವಾಪಸ್ ಬಂದೆ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಾಗಲಿಲ್ಲ, ಸೊಂಟ ನೋವನ್ನು ಮರೆತು ಸಂಜೆಯೇ ಉಳಿದ ಅರ್ಧ ಮುಗಿಸಿದೆ.

ಎರಡು ಮಾತು ಹೇಳಿಬಿಡುತ್ತೇನೆ. ಸುಣ್ಣ ಕಣ್ಣಿಗೆ ಬಿದ್ದರೆ ತುಂಬಾ ಅಪಾಯ, ಕೈ ಚರ್ಮವನ್ನೂ ಸುಡುತ್ತೆ, ಹಾಗಾಗಿ ಕನ್ನಡಕ, ಗ್ಲೌಸ್ ಹಾಕಿಕೊಳ್ಳಲೇಬೇಕು. ಇನ್ನೊಂದು, ಬರೀ ಸುಣ್ಣ ಮಳೆಗೆ ತೊಳೆದು ಹೋಗುತ್ತೆ, ಪ್ರತಿ ಬೇಸಿಗೆಗೂ ಹೊಡೀಬೇಕು. ಅಂಟು ಬೆರೆಸಿದರೆ ಸ್ವಲ್ಪ ಜಾಸ್ತಿ ದಿನ ನಿಲ್ಲುತ್ತೆ. ತಾರಸಿಗೆಂದೇ ಬರುವ ಬಿಳಿ ಪೇಂಟ್ ಹಲವು ವರ್ಷ ಬಾಳುತ್ತೆ, ಆದರೆ ಖರ್ಚು ಹೆಚ್ಚು. ಯಾವುದು ಹಾಕಿದರೂ ಧೂಳು ಕೂತರೆ ಲಾಭ ಕಡಿಮೆ, ಆಗಾಗ ಗುಡಿಸಬೇಕು. ಚಳಿಗಾಲದಲ್ಲಿ ಮನೆ ಬೆಚ್ಚಗಿರಲಿ ಅಂತ ಹೀಟರ್ ಹಾಕುವ ಕಡೆಯವರು ಮಾತ್ರ ಯೋಚಿಸಿ ಮಾಡಿ, ಬೇಡವಾದಾಗಲೂ ಅದು ಬಿಸಿಲನ್ನು ವಾಪಸ್ ಕಳಿಸುತ್ತೆ. ಸಂಜೆ ತಾರಸಿಗೆ ನೀರು ಸುರಿಯೋರೂ ಇದ್ದಾರೆ. ತಂಪಾಗೋದು ನಿಜ. ಆದರೆ ಬೇಸಿಗೆಯಲ್ಲೇ ನೀರಿಗೆ ಬರ ಇರುವಾಗ ಕೊಡಗಟ್ಟಲೆ ನೀರನ್ನು ಕಾಂಕ್ರೀಟಿಗೆ ಕುಡಿಸೋದು ನನಗೆ ಸರಿ ಕಾಣಲ್ಲ. ಬಿರುಕಿದ್ದರೆ ಒಳಗೆ ಸೋರುತ್ತೆ ಬೇರೆ.

ಎರಡನೇ ಕಳ್ಳ ಪಶ್ಚಿಮದ ಕಿಟಕಿ. ನೇರ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚುಕಡಿಮೆ 1000 ವಾಟ್ ಶಾಖ ಬೀಳುತ್ತೆ. ಎರಡು ಚದರ ಮೀಟರ್ ಗಾಜಿನ ಕಿಟಕಿಯಲ್ಲಿ ಅದರ ಅರ್ಧ ಒಳಗೆ ಬಂತು ಅಂದುಕೊಳ್ಳಿ, ಮಧ್ಯಾಹ್ನವೆಲ್ಲ ಕೋಣೆಯೊಳಗೆ 1000 ವಾಟ್‌ನ ರೂಮ್ ಹೀಟರ್ ಹಾಕಿಟ್ಟ ಹಾಗಾಯ್ತು. ಬೇಸಿಗೆಯಲ್ಲಿ, ಹೀಟರ್! ಕಿಟಕಿ ಮೇಲೆ ಸಜ್ಜಾ ಇದೆಯಲ್ಲ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಸಜ್ಜಾ ತಡೆಯೋದು ನೆತ್ತಿಯ ಮೇಲಿನ ಸೂರ್ಯನನ್ನು. ಸಂಜೆ ನಾಲ್ಕರ ಸೂರ್ಯ ಕೆಳಗಿಳಿದು ಸಜ್ಜಾದ ಅಡಿಯಿಂದ ನೇರವಾಗಿ ಹಾಸಿಗೆಯ ತನಕ ಕೈ ಚಾಚುತ್ತಾನೆ. ಬೆಳಿಗ್ಗೆ ಪೂರ್ವದ ಕಿಟಕಿಯ ಕಥೆಯೂ ಅದೇ, ಆದರೆ ಆಗ ಗಾಳಿ ಇನ್ನೂ ತಂಪಿರುತ್ತೆ, ಅಷ್ಟು ಗೊತ್ತಾಗಲ್ಲ.

ಒಳಗೆ ದಪ್ಪ ಕರ್ಟನ್ ಇತ್ತು. ಒಂದು ಮಧ್ಯಾಹ್ನ ಕರ್ಟನ್‌ಗೂ ಗಾಜಿಗೂ ನಡುವೆ ಕೈ ಹಾಕಿ ನೋಡಿದೆ, ಒಲೆಯ ಬಾಯಿಗೆ ಕೈ ಒಡ್ಡಿದ ಹಾಗಿತ್ತು. ಗಾಜು ದಾಟಿದ ಬಿಸಿಲು ಕರ್ಟನ್ನನ್ನು ಕಾಯಿಸುತ್ತೆ, ಕಾದ ಕರ್ಟನ್ ಕೋಣೆಯನ್ನು ಕಾಯಿಸುತ್ತೆ. ಕಳ್ಳನನ್ನು ಹಾಲ್‌ಗೆ ಬಿಟ್ಟುಕೊಂಡು ಬೆಡ್‌ರೂಮಿಗೆ ಬೀಗ ಹಾಕಿದ ಹಾಗೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ನಾನು ಹಳೆಯ ಬಿಳಿ ಬೆಡ್‌ಶೀಟ್ ತಗೊಂಡು ಸಜ್ಜಾದ ತುದಿಯಿಂದ ಕೆಳಗೆ ಇಳಿಬಿಟ್ಟೆ. ಮೊದಲ ದಿನವೇ ಗಾಳಿಗೆ ಹಾರಿ ಪಕ್ಕದ ಮನೆಯವರ ಸ್ಕೂಟರ್ ಮೇಲೆ ಹೋಗಿ ಬಿತ್ತು. ಹೋಗಿ ಕ್ಷಮೆ ಕೇಳಿ ತಂದೆ. ಎರಡನೇ ಸಲ ಗಾಳಿ ಹಾದುಹೋಗುವ ಹಸಿರು ಶೇಡ್ ನೆಟ್ ತಂದು, ಕೆಳಗಿನ ಅಂಚಿಗೆ ಒಂದು ಪೈಪ್ ತುಂಡು ಕಟ್ಟಿ ಭಾರ ಕೊಟ್ಟೆ. ಗೋಡೆಗೆ ಅಂಟದ ಹಾಗೆ ಒಂದು ಗೇಣು ಜಾಗ ಬಿಟ್ಟೆ, ನಡುವೆ ಕಾದ ಗಾಳಿ ಮೇಲೆ ಹೋಗಿಬಿಡುತ್ತೆ. ನೋಡೋಕೆ ಚೆಂದ ಇಲ್ಲ, ಮನೆ ಮುಂದೆ ನರ್ಸರಿ ಇಟ್ಟ ಹಾಗಿದೆ ಅಂತ ಬಂದವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ.

ಬಾಡಿಗೆ ಮನೆ, ಹೊರಗೆ ಏನೂ ಕಟ್ಟೋಕೆ ಬಿಡಲ್ಲ ಅನ್ನೋರು ಕನಿಷ್ಠ ಕರ್ಟನ್ನಿನ ಗಾಜಿನ ಕಡೆಯ ಮುಖ ಬಿಳಿ ಇರೋ ಹಾಗೆ ನೋಡಿಕೊಳ್ಳಿ. ಸ್ವಲ್ಪ ಬಿಸಿಲಾದರೂ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ.

ಇನ್ನು ಕಿಟಕಿ ತೆಗೆಯೋ ಹೊತ್ತು. ಇದರಲ್ಲಿ ನನಗೂ ಅಮ್ಮನಿಗೂ ಒಂದು ವಾರ ಜಗಳ. ನಾನು ಬೆಳಿಗ್ಗೆ ಎಂಟೂವರೆಗೆ ಎಲ್ಲ ಕಿಟಕಿ ಹಾಕಿಕೊಂಡು ಬರುತ್ತಿದ್ದೆ, ಅಮ್ಮ ಹಿಂದಿನಿಂದ ಒಂದೊಂದೇ ತೆಗೆದುಕೊಂಡು ಬರುತ್ತಿದ್ದಳು. "ಸೆಖೆಗೆ ಸಾಯ್ತಿದ್ದೀವಿ, ಇರೋ ಗಾಳಿನೂ ಬೇಡ್ವೇನೋ ನಿಂಗೆ?" ಗಾಳಿ ಬೇಕು ಅನ್ನೋದು ಸರಿ, ಆದರೆ ಮಧ್ಯಾಹ್ನ ಎರಡಕ್ಕೆ ಬರೋ ಗಾಳಿ 38 ಡಿಗ್ರಿಯದು. ಮಾತಿನಲ್ಲಿ ಗೆಲ್ಲೋಕೆ ಆಗಲಿಲ್ಲ, ಎರಡೂ ಥರ್ಮಾಮೀಟರನ್ನು ಅವಳ ಕೈಗೆ ಕೊಟ್ಟುಬಿಟ್ಟೆ. ಹೊರಗಿನ ನಂಬರ್ ದೊಡ್ಡದಿದ್ದರೆ ಕಿಟಕಿ ಹಾಕು, ಚಿಕ್ಕದಿದ್ದರೆ ತೆಗಿ, ಇಷ್ಟೇ. ಈಗ ಮನೆಯಲ್ಲಿ ಅವಳದೇ ದರ್ಬಾರು. ಸಂಜೆ ಏಳೂವರೆಗೆ "ಹೊರಗೆ ಒಂದು ಪಾಯಿಂಟ್ ಕಮ್ಮಿ ಆಯ್ತು, ತೆಗೀರೋ" ಅಂತ ಕೂಗುತ್ತಾಳೆ.

ರಾತ್ರಿ ಬರೀ ಕಿಟಕಿ ತೆಗೆದರೆ ಸಾಲದು, ಗಾಳಿಗೆ ಒಳ ಬರೋಕೆ ಒಂದು ದಾರಿ, ಹೊರ ಹೋಗೋಕೆ ಇನ್ನೊಂದು ದಾರಿ ಬೇಕು. ಎದುರುಬದುರು ಕಿಟಕಿ ಇದ್ದರೆ ಅದೃಷ್ಟ. ನಮಗಿಲ್ಲ. ಹಾಗಾಗಿ ಒಂದು ಟೇಬಲ್ ಫ್ಯಾನನ್ನು ಕಿಟಕಿಯ ಹತ್ತಿರ ಇಟ್ಟು, ಮುಖವನ್ನು ಹೊರಗೆ ತಿರುಗಿಸಿದೆ. ಹೌದು, ಹೊರಗೆ. ನೋಡಿದವರು ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅದು ಒಳಗಿನ ಬಿಸಿ ಗಾಳಿಯನ್ನು ಆಚೆ ತಳ್ಳಿದಾಗ ಬೇರೆ ಕಿಟಕಿಗಳಿಂದ ತಂಪು ಗಾಳಿ ತಾನಾಗೇ ನುಗ್ಗುತ್ತೆ. ರಾತ್ರಿಯಿಡೀ ಹೀಗೆ ಬಿಟ್ಟರೆ ಗೋಡೆ, ನೆಲ, ಬೀರು, ಹಾಸಿಗೆ ಎಲ್ಲ ತಣಿಯುತ್ತೆ, ಬೆಳಿಗ್ಗೆ ಕಿಟಕಿ ಹಾಕಿದ ಮೇಲೆ ಆ ತಣಿವೇ ಮಧ್ಯಾಹ್ನದವರೆಗೆ ನಮ್ಮನ್ನು ಕಾಪಾಡುತ್ತೆ. ಸೊಳ್ಳೆ ಪರದೆ ಇಲ್ಲದಿದ್ದರೆ ಈ ಇಡೀ ಯೋಜನೆ ಒಂದೇ ರಾತ್ರಿಗೆ ಮುಗಿಯುತ್ತೆ, ಅದನ್ನು ಮೊದಲು ಹಾಕಿಸಿ. ರಾತ್ರಿಯೂ ಹೊರಗೆ ತಂಪಾಗದ, ಬೆವರು ಆರದ ಊರುಗಳಲ್ಲಿ ಇದರಿಂದ ಸಿಗೋದು ಕಮ್ಮಿ.

ಮೂರನೇ ಕಳ್ಳ ಮನೆಯೊಳಗೇ ಇದ್ದಾನೆ. ಪ್ಲಗ್‌ಗೆ ಹಾಕಿದ ಪ್ರತಿಯೊಂದು ಯಂತ್ರವೂ ಎಳೆದ ಕರೆಂಟನ್ನು ಕೊನೆಗೆ ಬಿಸಿಯಾಗಿಯೇ ಕೋಣೆಗೆ ಬಿಡುತ್ತೆ. ಟಿವಿ, ಕಂಪ್ಯೂಟರ್, ಇಸ್ತ್ರಿ ಪೆಟ್ಟಿಗೆ, ಎಲ್ಲ. ಹಳೆಯ ತಂತಿ ಬಲ್ಬು ಬೆಳಕಿನ ವೇಷ ಹಾಕಿದ ಹೀಟರ್ ಅಷ್ಟೇ. ಸುಮ್ನೆ ಕೂತ ಮನುಷ್ಯನೂ ಸುಮಾರು 100 ವಾಟ್ ಬಿಸಿ ಬಿಡುತ್ತಾನೆ, ನೆಂಟರನ್ನು ಮಾತ್ರ ಆಫ್ ಮಾಡೋಕೆ ಆಗಲ್ಲ. ಎಸಿ ಹಾಕಿದ ಕೋಣೆಯಲ್ಲಿ ಇದಕ್ಕೆ ಎರಡು ಸಲ ದುಡ್ಡು ಕೊಡುತ್ತೀರಿ, ಬಿಸಿ ಮಾಡೋಕೆ ಒಮ್ಮೆ, ಆ ಬಿಸಿಯನ್ನು ಹೊರಗೆ ಹಾಕೋಕೆ ಇನ್ನೊಮ್ಮೆ. ಒಲೆಯ ಕೆಲಸ ಬೆಳಿಗ್ಗೆ ಬೇಗ ಮುಗಿಸಿ, ಪಾತ್ರೆಗೆ ಮುಚ್ಚಳ ಮುಚ್ಚಿ. ಆವಿ ಗಾಳಿಯಲ್ಲಿ ಸೇರಿದರೆ ಬೆವರು ಆರಲ್ಲ, ಅದೇ ತಾಪಮಾನಕ್ಕೆ ಜಾಸ್ತಿ ಧಗೆ ಅನ್ನಿಸುತ್ತೆ.

ಫ್ರಿಜ್ ಬಾಗಿಲು ತೆಗೆದಿಟ್ಟರೆ ಕೋಣೆ ತಂಪಾಗಲ್ವಾ ಅಂತ ನನ್ನ ಚಿಕ್ಕಪ್ಪನ ಮಗ ಕೇಳಿದ. ಅದರ ಹಿಂದೆ ಕೈ ಇಟ್ಟು ನೋಡೋ ಅಂದೆ. ಮುಂದೆ ಕೊಡುವ ತಂಪಿಗಿಂತ ಹಿಂದೆ ಬಿಡುವ ಬಿಸಿಯೇ ಜಾಸ್ತಿ, ಮೋಟರ್ ಎಳೆದ ಕರೆಂಟೂ ಅದರಲ್ಲಿ ಸೇರಿರುತ್ತಲ್ಲ.

ಫ್ಯಾನಿನ ವಿಷಯಕ್ಕೆ ಬರೋಣ. ಫ್ಯಾನ್ ಕೋಣೆಯನ್ನು ತಂಪು ಮಾಡಲ್ಲ. ಅದು ಮೈಮೇಲಿನ ಬೆವರನ್ನು ಆರಿಸುತ್ತೆ, ಬೆವರು ಆರುವಾಗ ಮೈಯ ಬಿಸಿ ಹೋಗುತ್ತೆ. ಹಾಗಾಗಿ ಮೈ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಅದರ ಮೋಟರಿನ ಬಿಸಿ ಬಿಟ್ಟು ಇನ್ನೇನೂ ಸಿಗಲ್ಲ. "ನಾನು ಬರೋ ಹೊತ್ತಿಗೆ ತಂಪಾಗಿರಲಿ" ಅಂತ ಫ್ಯಾನ್ ಹಾಕಿಟ್ಟು ಹೋಗೋದು ಸುಮ್ನೆ ದಂಡ. ಈಗ ಬರುತ್ತಿರುವ ಬಿಎಲ್‌ಡಿಸಿ, ಅಂದರೆ ಕಮ್ಮಿ ಕರೆಂಟ್ ಎಳೆಯುವ ಬ್ರಷ್‌ಲೆಸ್ ಡಿಸಿ ಮೋಟರಿನ ಫ್ಯಾನ್‌ಗಳು 30 ವಾಟ್ ಆಸುಪಾಸಿನಲ್ಲೇ ಅಷ್ಟೇ ಗಾಳಿ ಕೊಡುತ್ತವೆ. ದಿನಕ್ಕೆ ಹದಿನೈದು ಗಂಟೆ ಓಡುವ ಫ್ಯಾನ್ ಆದರೆ ಹಳೆಯದಕ್ಕೆ 1.1 ಯೂನಿಟ್, ಹೊಸದಕ್ಕೆ ಅರ್ಧಕ್ಕಿಂತ ಕಮ್ಮಿ. ಎಲ್ಲ ಫ್ಯಾನನ್ನೂ ಬದಲಾಯಿಸೋಕೆ ಹೋಗಬೇಡಿ, ಅತಿ ಹೆಚ್ಚು ತಿರುಗೋ ಒಂದೆರಡನ್ನು ಮಾತ್ರ ಬದಲಾಯಿಸಿ. ಅತಿಥಿಗಳ ಕೋಣೆಯ ಫ್ಯಾನ್ ವರ್ಷಕ್ಕೆ ಹತ್ತು ದಿನ ತಿರುಗುತ್ತೆ, ಅದರಿಂದ ಏನು ಉಳಿಸ್ತೀರಿ?

ಹಳೆಯ ಫ್ಯಾನ್ ಐದರಲ್ಲಿಟ್ಟರೂ ನಿಧಾನಕ್ಕೆ ತಿರುಗುತ್ತಿದೆಯಾ? ಹೊಸದು ಕೊಳ್ಳೋ ಮೊದಲು ಕೆಪಾಸಿಟರ್ ನೋಡಿಸಿ. ಮೇಲಿನ ಬಟ್ಟಲಿನೊಳಗೆ ಹೆಬ್ಬೆರಳಿನಷ್ಟು ಇರುವ ಸಣ್ಣ ಡಬ್ಬಿ ಅದು. ವಯಸ್ಸಾದ ಹಾಗೆ ಅದರ ಶಕ್ತಿ ಕುಂದುತ್ತೆ. ನಮ್ಮ ಹಾಲ್ ಫ್ಯಾನಿನದನ್ನು ಬದಲಾಯಿಸಿದ ಮೇಲೆ ಟೇಬಲ್ ಮೇಲಿದ್ದ ಪೇಪರೆಲ್ಲ ಹಾರಿಹೋಯ್ತು, ಮೂರು ವರ್ಷದಿಂದ ಈ ಗಾಳಿ ಎಲ್ಲಿತ್ತು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇನ್ ಆಫ್ ಮಾಡದೆ ಕೈ ಹಾಕಬೇಡಿ, ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೀರಿ. ರೆಕ್ಕೆಯ ಧೂಳನ್ನಂತೂ ನೀವೇ ಒರೆಸಬಹುದು.

ಫ್ಯಾನ್ ಮುಂದೆ ಐಸ್ ಇಡೋ ಉಪಾಯವನ್ನು ಎಲ್ಲರೂ ಕಳಿಸುತ್ತಾರೆ, ನಾನೂ ಮಾಡಿ ನೋಡಿದೆ, ಆಮೇಲೆ ಲೆಕ್ಕ ಹಾಕಿದೆ. ಎಸಿಯ ಟನ್ ಅನ್ನೋ ಅಳತೆ ಬಂದಿದ್ದೇ ಐಸಿನಿಂದ. ಒಂದು ಅಮೆರಿಕನ್ ಟನ್, ಅಂದರೆ 907 ಕೆಜಿ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತೋ ಅಷ್ಟು ಕೆಲಸಕ್ಕೆ ಒಂದು ಟನ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಒಂದು ಕೆಜಿ ಐಸ್ ಪೂರ್ತಿ ಕರಗಿದರೆ ಒಂದೂವರೆ ಟನ್ ಎಸಿ ಒಂದು ನಿಮಿಷ ಓಡಿದಷ್ಟು ತಂಪು. ಒಂದೇ ನಿಮಿಷ! ಆ ಐಸ್ ಮಾಡೋಕೆ ನಿಮ್ಮ ಫ್ರಿಜ್ ಅದಕ್ಕಿಂತ ಜಾಸ್ತಿ ಬಿಸಿಯನ್ನು ಮನೆಯೊಳಗೇ ಬಿಟ್ಟಿರುತ್ತೆ. ಅದೇ ಒಂದು ಲೀಟರ್ ನೀರು ಆವಿಯಾಗಿ ಹೋದರೆ ಏಳು ಪಟ್ಟು ಬಿಸಿ ಹೊತ್ತುಕೊಂಡು ಹೋಗುತ್ತೆ. ಕೂಲರ್ ನಡೆಯೋದು ಈ ಗುಟ್ಟಿನ ಮೇಲೆ. 150ರಿಂದ 200 ವಾಟ್ ಇದ್ದರೆ ಸಾಕು ಅದಕ್ಕೆ.

ಆದರೆ ಕೂಲರ್ ಗಾಳಿಯನ್ನು ನೋಡಿ ಕೆಲಸ ಮಾಡುತ್ತೆ. 40 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇದ್ದರೆ ಒದ್ದೆ ಪ್ಯಾಡ್ ದಾಟಿದ ಗಾಳಿ 23ರ ಹತ್ತಿರದವರೆಗೂ ಇಳಿಯೋಕೆ ಅವಕಾಶ ಇದೆ, ಪೂರ್ತಿ ಇಳಿಯದಿದ್ದರೂ 26, 27 ಸಿಕ್ಕರೆ ಸ್ವರ್ಗ. 34 ಡಿಗ್ರಿ, ತೇವಾಂಶ 70 ಇದ್ದರೆ ಎಷ್ಟು ಒಳ್ಳೆಯ ಕೂಲರ್ ಆದರೂ 29ರ ಕೆಳಗೆ ಹೋಗಲ್ಲ, ಮೇಲೆ ಮೈಯೆಲ್ಲ ಅಂಟಂಟು. ಹಾಗಾಗಿ ಕೂಲರ್ ಕೊಳ್ಳೋ ಮೊದಲು ಒಂದು ವಾರ ನಿಮ್ಮ ಥರ್ಮಾಮೀಟರಿನ ತೇವಾಂಶದ ನಂಬರ್ ಬರೆದಿಡಿ. ಕೊಂಡ ಮೇಲೆ ಕಿಟಕಿ ತೆಗೆದಿಡಿ. ಎಸಿ ಹಾಗೆ ಬಾಗಿಲು ಹಾಕಿಕೊಂಡು ಕೂಲರ್ ಓಡಿಸಿದರೆ ಅರ್ಧ ಗಂಟೆಯಲ್ಲಿ ಕೋಣೆ ಬಚ್ಚಲುಮನೆ ಆಗುತ್ತೆ. ನೀರು ಆಗಾಗ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ.

ಎಸಿಯನ್ನು ನಾನು ಮಾರಲಿಲ್ಲ. ಅದು ಕೆಟ್ಟ ಯಂತ್ರವೇನಲ್ಲ, ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಬಿಸಿಯನ್ನು ಹೊರಗೆ ಹಾಕುತ್ತೆ. ನಾನು ಅದನ್ನು ಬಳಸುತ್ತಿದ್ದ ರೀತಿ ಕೆಟ್ಟದಿತ್ತು. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತೆ ಅಂತ ನಂಬಿದ್ದೆ. ನಮ್ಮದು ಇನ್ವರ್ಟರ್ (ಕಂಪ್ರೆಸರ್ ವೇಗವನ್ನು ಬೇಕಾದ ಹಾಗೆ ಏರಿಸಿ ಇಳಿಸುವ ವ್ಯವಸ್ಥೆ) ಇಲ್ಲದ ಹಳೆಯ ಎಸಿ, ಅದರ ಕಂಪ್ರೆಸರ್‌ಗೆ ಓಡೋದು, ನಿಲ್ಲೋದು ಎರಡೇ ಗೊತ್ತು. 18 ಇರಲಿ 26 ಇರಲಿ, ತಂಪಾಗುವ ವೇಗ ಒಂದೇ. 18 ಅಂದರೆ ಎಲ್ಲಿ ನಿಲ್ಲಬೇಕು ಅನ್ನೋದನ್ನು ಇನ್ನೂ ದೂರ ಹಾಕಿದ ಹಾಗೆ ಅಷ್ಟೇ, ಕಾದ ಸೀಲಿಂಗಿನ ಕೆಳಗೆ ಅದು ಆ ಗುರಿ ಮುಟ್ಟೋದೇ ಇಲ್ಲ, ಬೆಳಗಿನವರೆಗೆ ಓಡುತ್ತಲೇ ಇರುತ್ತೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಹೆಚ್ಚುಕಡಿಮೆ ಶೇಕಡಾ 6 ಉಳಿಯುತ್ತೆ ಅನ್ನೋದು ಸಾಮಾನ್ಯವಾಗಿ ಹೇಳುವ ಲೆಕ್ಕ. ಈಗ 26ಕ್ಕೆ ಇಟ್ಟು, ಫ್ಯಾನನ್ನು ಎರಡರಲ್ಲಿ ಹಾಕುತ್ತೇವೆ. ರಗ್ಗು ಬೀರು ಸೇರಿದೆ.

ಇನ್ನು ಗ್ಯಾಸ್ ಕಥೆ. ಪ್ರತಿ ಬೇಸಿಗೆ ಶುರುವಿನಲ್ಲಿ ಒಬ್ಬರು ಸರ್ವಿಸ್‌ಗೆ ಬರುತ್ತಿದ್ದರು, ಗೇಜ್ ಹಚ್ಚಿ ನೋಡಿ "ಗ್ಯಾಸ್ ಕಮ್ಮಿ ಆಗಿದೆ ಸಾರ್, ತುಂಬಿಸಬೇಕು" ಅನ್ನುತ್ತಿದ್ದರು. ಮೂರು ವರ್ಷ ತುಂಬಿಸಿದೆ, ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಹಾಗೆ ಖರ್ಚಾಗಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತೆ, ವರ್ಷಗಟ್ಟಲೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ, ಮೊದಲು ಅದನ್ನು ಮುಚ್ಚಬೇಕು. ಹೋದ ವರ್ಷ "ಲೀಕ್ ಎಲ್ಲಿದೆ ತೋರಿಸಿ, ಆಮೇಲೆ ತುಂಬಿಸೋಣ" ಅಂದೆ. ಸೋಪಿನ ನೊರೆ ಹಚ್ಚಿ ಪೈಪಿನ ಜಾಯಿಂಟ್ ಎಲ್ಲ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. "ಹಾಗಾದ್ರೆ ಸದ್ಯಕ್ಕೆ ಬೇಡ ಬಿಡಿ ಸಾರ್" ಅಂದರು. ಆಮೇಲೆ ಫಿಲ್ಟರ್ ಬಿಚ್ಚಿದರೆ ಬೂದು ಬಣ್ಣದ ಕಂಬಳಿ ಹಾಗಿತ್ತು, ಎರಡು ವರ್ಷದಿಂದ ಅದನ್ನು ಯಾರೂ ತೊಳೆದೇ ಇರಲಿಲ್ಲ. ತಂಪು ಕಮ್ಮಿ ಆಗಿದ್ದು ಅದಕ್ಕೇ. ಈಗ ಹದಿನೈದು ದಿನಕ್ಕೊಮ್ಮೆ ನಾನೇ ನಲ್ಲಿ ಕೆಳಗೆ ಹಿಡಿದು ತೊಳೆದು, ನೆರಳಲ್ಲಿ ಒಣಗಿಸಿ ಹಾಕುತ್ತೇನೆ. ಐದು ನಿಮಿಷದ ಕೆಲಸ.

ಹೊರಗಿನ ಯೂನಿಟ್ ಅನ್ನೂ ಒಮ್ಮೆ ನೋಡಿ. ನಮ್ಮದರ ಮುಂದೆ ಹಳೆಯ ಪೇಂಟ್ ಡಬ್ಬಿ, ಒಡೆದ ಕುರ್ಚಿ, ಏನೇನೋ ಪೇರಿಸಿತ್ತು. ಅದು ಬಿಸಿ ಉಗುಳೋ ಬಾಯಿ, ಅದರ ಬಾಯಿಗೇ ಬಟ್ಟೆ ತುರುಕಿದ ಹಾಗಾಗಿತ್ತು. ಮೇಲೆ ನೆರಳಿದ್ದರೆ ಒಳ್ಳೆಯದು, ಆದರೆ ಸುತ್ತ ಗಾಳಿ ಆಡಬೇಕು. ಹಾಗೇ ಕೋಣೆಯ ಬಾಗಿಲ ಕೆಳಗೆ ಒಂದು ತೆಳು ಕಾಗದದ ಚೂರು ಹಿಡಿಯಿರಿ. ಅದು ಅಲುಗಾಡಿದರೆ ನೀವು ಹಾಲ್‌ಗೂ ಎಸಿ ಹಾಕಿಸಿದ್ದೀರಿ ಅಂತ ಅರ್ಥ. ಹಳೆಯ ಟವೆಲ್ ಸುರುಳಿ ಸುತ್ತಿ ಇಟ್ಟರೂ ನಡೆಯುತ್ತೆ. ಸುಣ್ಣ, ನೆಟ್, ಕಿಟಕಿ ಎಲ್ಲ ಸೇರಿ ಈ ವರ್ಷ ನಮ್ಮ ಎಸಿ ರಾತ್ರಿ ಎಂಟು ಗಂಟೆ ಓಡುವ ಬದಲು ಎರಡು ಗಂಟೆ ಓಡುತ್ತೆ. ಟೈಮರ್ ಹಾಕಿ ಮಲಗುತ್ತೇವೆ, ಅದು ನಿಂತ ಮೇಲೆ ಯಾರಿಗೆ ಮೊದಲು ಎಚ್ಚರ ಆಗುತ್ತೋ ಅವರು ಕಿಟಕಿ ತೆಗೀಬೇಕು. ಯಾವಾಗಲೂ ಅಮ್ಮನೇ ತೆಗೆಯೋದು.

ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮನೆಯಲ್ಲಿ ವಯಸ್ಸಾದವರು, ಹಸುಗೂಸು, ಹುಷಾರಿಲ್ಲದವರು ಇದ್ದರೆ ತುಂಬಾ ಸೆಖೆಯ ದಿನ ಎಸಿ ಹಾಕಿ, ಬಿಲ್ ಆಮೇಲೆ ನೋಡೋಣ. ಕೋಣೆಯ ಗಾಳಿ 40 ಡಿಗ್ರಿ ದಾಟಿದರೆ ಬರೀ ಫ್ಯಾನನ್ನು ನಂಬಬೇಡಿ, ವಿಶ್ವ ಆರೋಗ್ಯ ಸಂಸ್ಥೆ ಕೂಡ ಹೇಳೋದು ಅದನ್ನೇ. ಮೈಗಿಂತ ಬಿಸಿಯಾದ ಗಾಳಿ ಮೈಯನ್ನು ಇನ್ನೂ ಕಾಯಿಸುತ್ತೆ. ಒದ್ದೆ ಬಟ್ಟೆಯಲ್ಲಿ ಕತ್ತು, ಕೈ ಒರೆಸಿ, ನೀರು ಕುಡಿಸಿ. ಬಿಸಿಲ ಧಗೆಗೆ ಯಾರಾದರೂ ತಡವರಿಸಿ ಮಾತಾಡಿದರೆ, ಎಲ್ಲಿದ್ದೀನಿ ಅಂತ ಗೊತ್ತಾಗದ ಹಾಗೆ ಆಡಿದರೆ ಮೈಮೇಲೆ ನೀರು ಹಾಕುತ್ತಾ ತಕ್ಷಣ ಆಸ್ಪತ್ರೆಗೆ ಕರಕೊಂಡು ಹೋಗಿ.

ನಮ್ಮಲ್ಲಿ ಇನ್ನು ಉಳಿದಿರೋದು ಅಡುಗೆಮನೆ. ಸಂಜೆಯಾದರೂ ಅಲ್ಲಿ ಪಕ್ಕದ ಕೋಣೆಗಿಂತ ಮೂರು ಡಿಗ್ರಿ ಜಾಸ್ತಿ, ನೋಟ್‌ಬುಕ್ಕಿನಲ್ಲಿದೆ. ಎಕ್ಸಾಸ್ಟ್ ಫ್ಯಾನ್ ಹಾಕೋಣ ಅಂತ ಹೋದ ವಾರ ಹನ್ನೆರಡು ಇಂಚಿನದು ತಂದೆ, ಗೋಡೆಯಲ್ಲಿ ಇರೋ ತೂತು ಒಂಬತ್ತು ಇಂಚಿನದು. ಅಳತೆ ತಗೊಂಡು ಹೋಗು ಅಂತ ಅಮ್ಮ ಹೇಳಿದ್ದಳು. ಎಲ್ಲವನ್ನೂ ಅಳೆದವನು ಅದೊಂದನ್ನು ಅಳೆಯಲಿಲ್ಲ. ಡಬ್ಬಿ ಇನ್ನೂ ಹಾಲ್‌ನಲ್ಲೇ ಇದೆ, ನಾಳೆ ಬದಲಾಯಿಸಿಕೊಂಡು ಬರಬೇಕು.